ಕ್ರಿಮಿನಲ್ ಲಾ ಟ್ಯೂಷನ್ ಹುಡುಕುತ್ತಿರುವ ಮುಂಬಯಿ ಕನ್ನಡಿಗರೇ, ಹಣ ಕೊಡುವ ಮೊದಲು ಇದನ್ನು ಓದಿ

ಮೊನ್ನೆ ರಾತ್ರಿ ಹತ್ತೂವರೆಗೆ ಒಬ್ಬ ಹುಡುಗಿಯ ಫೋನ್ ಬಂತು. ಭಾಂಡುಪಿನವಳು, ಕಾನೂನು ಪದವಿಯ ಮೊದಲ ವರ್ಷದಲ್ಲಿ ಓದುತ್ತಿದ್ದಾಳೆ. "ಅಕ್ಕಾ, ಸರ್ ನಿಮ್ಮ ಸಂದೇಶವನ್ನು ತೋರಿಸಿದರು. ಮೇಲೆ ನಿಮ್ಮ ನಂಬರ್ ಕಾಣುತ್ತಿತ್ತು, ಅದಕ್ಕೇ ಫೋನ್ ಮಾಡಿದೆ. ಅವರಿಗೆ ಫೀಸು ಒಂದೇ ಸಲ ಕೊಡಬೇಕೋ, ಎರಡು ಕಂತು ಮಾಡಬಹುದೋ?" ಎಂದು ಕೇಳಿದಳು. ನನ್ನ ಕೈ ನಡುಗಿತು. ನಾಲ್ಕು ತಿಂಗಳಿನಿಂದ ನಾಚಿಕೆಯಿಂದ ಬಾಯಿ ಮುಚ್ಚಿಕೊಂಡಿದ್ದೆ. ನಾನು ಸುಮ್ಮನಿದ್ದುದೇ, ಟ್ಯೂಷನ್ ಹೆಸರಿನಲ್ಲಿ ನನಗೆ ಮೋಸ ಮಾಡಿದ ಆ ಸರ್‌ಗೆ ಬಂಡವಾಳವಾಯಿತು. ಆದ್ದರಿಂದ ಇಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾನು ಡೊಂಬಿವಲಿಯವಳು, ವಯಸ್ಸು 39. ಫೋರ್ಟಿನ ಒಂದು ಹಡಗು ಸಾಗಣೆ ಕಂಪನಿಯಲ್ಲಿ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಬೆಳಗ್ಗೆ ಕಾನೂನು ಕಾಲೇಜು, ಹಗಲು ಕಚೇರಿ, ರಾತ್ರಿ ಅಡುಗೆಮನೆ. ಅಪರಾಧ ಕಾನೂನಿನ ಪತ್ರಿಕೆಯಲ್ಲಿ ಕೆಟಿ ಬಿತ್ತು, ಅಂದರೆ ಫೇಲಾಗಿ ಅದನ್ನು ಮತ್ತೆ ಬರೆಯಬೇಕಾಯಿತು. ಮುಂಬಯಿಯಲ್ಲಿ ಓದಿದವರಿಗೆ ಇದನ್ನು ಹೇಳಬೇಕಾಗಿಲ್ಲ. ಮಗಳು ಹತ್ತನೆಯ ತರಗತಿಯಲ್ಲಿದ್ದಾಳೆ. ಓದು ಓದು ಎಂದು ದಿನವೂ ಅವಳಿಗೆ ಹೇಳುವ ನಾನೇ ಫೇಲಾದೆ ಎಂಬುದು ನನ್ನನ್ನು ಒಳಗೊಳಗೇ ತಿನ್ನುತ್ತಿತ್ತು. ಅಂಥ ಸಮಯದಲ್ಲಿ ಆತ ಸಿಕ್ಕಿದ್ದು.

ಸಿಕ್ಕಿದ್ದು ಮಾಟುಂಗದಲ್ಲಿ, ಒಂದು ಕನ್ನಡ ಕಾರ್ಯಕ್ರಮದಲ್ಲಿ. ಐವತ್ತು ದಾಟಿದ ಗಂಭೀರ ಮನುಷ್ಯ, ಬಿಳಿ ಅಂಗಿ, ಕೈಯಲ್ಲಿ ಕಡತ. ಹೈಕೋರ್ಟಿನಲ್ಲಿ ಕ್ರಿಮಿನಲ್ ಪ್ರಾಕ್ಟೀಸ್ ಮಾಡುತ್ತೇನೆ, ಉತ್ತರ ಪತ್ರಿಕೆಗಳ ಮೌಲ್ಯಮಾಪನವನ್ನೂ ಮಾಡಿದ್ದೇನೆ ಎಂದ. "ನೋಡಮ್ಮ, ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿದರೆ ಕಾನೂನು ತಲೆಗೆ ಹತ್ತುವುದಿಲ್ಲ. ನಾನು ಕನ್ನಡದಲ್ಲಿ ಅರ್ಥ ಮಾಡಿಸುತ್ತೇನೆ, ಇಂಗ್ಲಿಷಿನಲ್ಲಿ ಬರೆಸುತ್ತೇನೆ." ಈ ಒಂದು ಮಾತಿಗೆ ನಾನು ಬಿದ್ದೆ. ಊರಿನಲ್ಲಿ ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳಿಗೆ ಇಪ್ಪತ್ತು ವರ್ಷಗಳ ನಂತರ ಇಂಥ ಮಾತು ಕೇಳಿದರೆ ಏನಾಗುತ್ತದೆ ಎಂದು ನಿಮಗೆ ಗೊತ್ತಿರುತ್ತದೆ.

ಇಪ್ಪತ್ತನಾಲ್ಕು ತರಗತಿ, 35 ಸಾವಿರ ರೂಪಾಯಿ. "ಹೊರಗಿನವರಿಗೆ 50, ನೀವು ನಮ್ಮವರು" ಎಂದ. ಮೊದಲು 20 ಸಾವಿರ, ತಿಂಗಳ ನಂತರ 15 ಸಾವಿರ. ನನ್ನ ಭಿಶಿಯ (ಚೀಟಿಯ) ಹಣ ಅದೇ ತಿಂಗಳು ಬಂದಿತ್ತು. ಮಗಳ ರಜೆಯ ಕ್ಲಾಸಿಗೆಂದು ಇಟ್ಟುಕೊಂಡಿದ್ದ ಹಣ. ಆತ ಕೊಟ್ಟ ಯುಪಿಐ ನಂಬರಿನಲ್ಲಿ ಯಾವುದೋ ಹೆಂಗಸಿನ ಹೆಸರು ಬಂತು. ಕೇಳಿದ್ದಕ್ಕೆ "ಮನೆಯವಳ ಖಾತೆ" ಎಂದ. ರಸೀದಿ ಕೇಳಲು ಸಂಕೋಚವಾಯಿತು. ಹೌದು, ಲೆಕ್ಕಪತ್ರದ ಕೆಲಸ ಮಾಡುವ ನಾನೇ ರಸೀದಿ ಕೇಳಲಿಲ್ಲ. ಎರಡನೆಯ ಕಂತು ಕೊಟ್ಟದ್ದನ್ನು ಯಜಮಾನರಿಗೆ ತಿಳಿಸಲೂ ಇಲ್ಲ.

ಮೊದಲ ತರಗತಿ ಚೆನ್ನಾಗಿತ್ತು. ಸುಳ್ಳು ಹೇಳುವುದಿಲ್ಲ, ನಿಜವಾಗಿಯೂ ಚೆನ್ನಾಗಿತ್ತು. ಛೇಂಬರ್ ರಿಪೇರಿಯಲ್ಲಿದೆ ಎಂದು ಫೋರ್ಟಿನ ಒಂದು ಹೋಟೆಲಿನ ಮಾಳಿಗೆಗೆ ಕರೆದಿದ್ದ. 1876ರ ಗೋವಿಂದ ಪ್ರಕರಣವನ್ನು ಹೇಳಿಕೊಟ್ಟ. ಹದಿನೆಂಟರ ಹುಡುಗ ಹೆಂಡತಿಯನ್ನು ಕೆಡವಿ, ಎದೆಯ ಮೇಲೆ ಮಂಡಿಯೂರಿ, ಮುಖಕ್ಕೆ ಗುದ್ದಿದ; ಅವಳು ಸತ್ತಳು. ಅದು ಕೊಲೆಯೋ, ಕೊಲೆಯಲ್ಲದ ದಂಡನೀಯ ನರಹತ್ಯೆಯೋ? ಕೊಲ್ಲುವ ಉದ್ದೇಶ ಇರಲಿಲ್ಲ, ಆದ ಗಾಯವೂ ಸಾಮಾನ್ಯವಾಗಿ ಸಾವು ತರುವಂಥದ್ದಾಗಿರಲಿಲ್ಲ, ಆದ್ದರಿಂದ ಕೊಲೆಯಲ್ಲ ಎಂದು ಬಾಂಬೆ ಹೈಕೋರ್ಟ್ ಹೇಳಿದ ರೀತಿಯನ್ನು ಆತ ಕನ್ನಡದಲ್ಲಿ ಬಿಡಿಸಿ ಹೇಳಿದಾಗ ನನಗೆ ಮೊದಲ ಬಾರಿ ಆ ಎರಡರ ವ್ಯತ್ಯಾಸ ತಿಳಿಯಿತು. "ಅದೇ ಕಟ್ಟಡದಲ್ಲಿ ಬರೆದ ತೀರ್ಪಮ್ಮ" ಎಂದು ಕಿಟಕಿಯಿಂದ ಹೈಕೋರ್ಟಿನ ಕಡೆಗೆ ಕೈ ತೋರಿಸಿದ. ಆ ಕಟ್ಟಡ ಪೂರ್ಣಗೊಂಡದ್ದೇ 1878ರಲ್ಲಿ ಎಂದು ಆಮೇಲೆ ತಿಳಿಯಿತು. ಆಗ ನನಗೆ ಮೈ ಜುಮ್ಮೆಂದಿತ್ತು. ಅದೇ ರಾತ್ರಿ ಲೋಕಲ್ ಗಾಡಿಯಲ್ಲಿ ನಿಂತುಕೊಂಡೇ ಸಂದೇಶ ಕಳುಹಿಸಿದೆ: "ಸರ್, ನಿಮ್ಮಂಥ ಗುರುಗಳು ಮೊದಲೇ ಸಿಗಬೇಕಿತ್ತು."

ಇಂದು ಆತ ಹೊಸಬರಿಗೆ ತೋರಿಸುತ್ತಿರುವುದು ಆ ಸಂದೇಶವನ್ನೇ.

ಅಂಥ ತರಗತಿ ಮತ್ತೆ ಬರಲಿಲ್ಲ. ಎರಡನೆಯದಕ್ಕೆ ಒಂದು ಗಂಟೆ ತಡ. ಮೂರನೆಯದು ಫೋನಿನಲ್ಲಿ. ನಾಲ್ಕನೆಯದಕ್ಕೆ "ಜೂನಿಯರ್" ಎಂದು ಒಬ್ಬ ಹುಡುಗನನ್ನು ಕಳುಹಿಸಿದ. ಪಾಪ, ಮಾತನಾಡಿಸಿದರೆ ಅವನೂ ಕಾನೂನು ವಿದ್ಯಾರ್ಥಿಯೇ, ಅವನಿಗೂ ಕೆಟಿ ಇತ್ತು! ಒಟ್ಟು ನಡೆದದ್ದು ಏಳು, ಅದರಲ್ಲಿ ಆತ ಎದುರಿಗೆ ಕುಳಿತು ಕಲಿಸಿದ್ದು ಮೂರು. ಉಳಿದದ್ದಕ್ಕೆಲ್ಲ ಒಂದೇ ಉತ್ತರ: "ನೋಟ್ಸ್ ಕೊಟ್ಟಿದ್ದೇನಲ್ಲ, ಅದು ನನ್ನ ಇಪ್ಪತ್ತು ವರ್ಷಗಳ ದುಡಿಮೆ. ಅದನ್ನು ಓದಿ."

ಆ ನೋಟ್ಸಿನ ವಿಷಯ ಹೇಳಲೇಬೇಕು. ನೂರೆಂಬತ್ತು ಪುಟಗಳ ಸ್ಪೈರಲ್ ಬೈಂಡಿಂಗ್, ಎಲ್ಲವೂ ಝೆರಾಕ್ಸ್. ಎಲ್ಲರಿಗೂ ಗೊತ್ತಿರುವಂತೆ 2024ರ ಜುಲೈ 1ರಿಂದ 1860ರ ದಂಡ ಸಂಹಿತೆ ಹೋಗಿ ಭಾರತೀಯ ನ್ಯಾಯ ಸಂಹಿತೆ ಬಂದಿದೆ. 511 ಸೆಕ್ಷನ್ನುಗಳ ಜಾಗದಲ್ಲಿ 358. ಕೊಲೆಯ ಶಿಕ್ಷೆಯ 302 ಈಗ 103, ವಂಚನೆಯ 420 ಈಗ 318ರ ನಾಲ್ಕನೆಯ ಉಪವಿಭಾಗ. ನಮ್ಮ ಪರೀಕ್ಷೆಗೆ ಬೇಕಾದದ್ದು ಹೊಸದು. ಆತನ ನೋಟ್ಸಿನಲ್ಲಿ ಸಂಖ್ಯೆಗಳೆಲ್ಲ ಹೊಸವೇ ಇದ್ದವು, ಅದಕ್ಕೇ ನನಗೆ ಅನುಮಾನ ಬರಲಿಲ್ಲ. ಆದರೆ ಮಧ್ಯೆ ಒಂದು ಕಡೆ ವ್ಯಭಿಚಾರ ಅಪರಾಧವೆಂದು ಎರಡು ಪುಟ ಇತ್ತು. ಅದನ್ನು ಸುಪ್ರೀಂ ಕೋರ್ಟ್ 2018ರಲ್ಲಿಯೇ ರದ್ದು ಮಾಡಿದೆಯಲ್ಲವೇ ಎಂದು ಕೇಳಿದೆ. "ಇತಿಹಾಸಕ್ಕೆ ಇರಲಿ ಎಂದು ಇಟ್ಟಿದ್ದೇನೆ, ಹಳೆಯ ಕೇಸುಗಳು ಹಳೆಯ ಕಾನೂನಿನಲ್ಲೇ ನಡೆಯುತ್ತವೆ" ಎಂದ. 2024ರ ಜುಲೈಗೆ ಮೊದಲು ನಡೆದ ಅಪರಾಧಗಳಿಗೆ ಹಳೆಯ ಸಂಹಿತೆಯೇ ಅನ್ವಯಿಸುತ್ತದೆ ಎಂಬುದು ನಿಜ. ಆದರೆ ರದ್ದಾದ ಸೆಕ್ಷನ್ನಿಗೂ ಅದಕ್ಕೂ ಏನು ಸಂಬಂಧ? ಅರ್ಧ ನಿಜ ಹೇಳಿ ಬಾಯಿ ಮುಚ್ಚಿಸುವುದು ಆತನ ಪದ್ಧತಿ ಎಂದು ನನಗೆ ಆಗ ಹೊಳೆಯಲಿಲ್ಲ.

ಪರೀಕ್ಷೆಗೆ ಒಂಬತ್ತು ದಿನ ಇದ್ದಾಗ, ಊಟದ ವಿರಾಮದಲ್ಲಿ, ಫ್ಲೋರಾ ಫೌಂಟನ್ ಬಳಿಯ ಹಳೆಯ ಪುಸ್ತಕದ ಅಂಗಡಿಯಲ್ಲಿ ನಿಂತಿದ್ದೆ. ಕಾನೂನಿನ ಒಂದು ಹಳೆಯ ಗೈಡ್ ಕೈಗೆ ಸಿಕ್ಕಿತು, ರಟ್ಟು ಕಿತ್ತುಹೋಗಿತ್ತು. ತೆರೆದರೆ ಅದೇ ಸಾಲುಗಳು. ಅದೇ ಉದಾಹರಣೆಗಳು. ಒಂದು ತಲೆಬರಹದಲ್ಲಿದ್ದ ಅಚ್ಚಿನ ತಪ್ಪೂ ಅದೇ. ಚೀಲದಿಂದ ನನ್ನ ನೋಟ್ಸ್ ತೆಗೆದು ಪಕ್ಕದಲ್ಲಿಟ್ಟೆ. ಸೆಕ್ಷನ್ ಸಂಖ್ಯೆ ಇರುವ ಕಡೆಯಲ್ಲೆಲ್ಲ ನನ್ನ ಪ್ರತಿಯಲ್ಲಿ ಅಂಚು ಕಪ್ಪಗಾದ ಒಂದು ಬಿಳಿ ಚೌಕ, ಅದರ ಮೇಲೆ ಕೈಬರಹದ ಅಂಕಿ. ವೈಟ್ನರ್ ಬಳಿದು, ಒಣಗಿಸಿ, ಹೊಸ ಸಂಖ್ಯೆ ಬರೆದು ಝೆರಾಕ್ಸ್ ಮಾಡಿಸಿದ್ದ. ಸಂಖ್ಯೆ ಮಾತ್ರ ಬದಲು, ಕೆಳಗಿನ ಒಂದಕ್ಷರವೂ ಬದಲಾಗಿರಲಿಲ್ಲ. ನಿರ್ಲಕ್ಷ್ಯದಿಂದ ಸಾವು, ಹಳೆಯ 304ಎ, ಹೊಸ 106. ಹಳೆಯದರಲ್ಲಿ ಗರಿಷ್ಠ ಎರಡು ವರ್ಷ. ಹೊಸದರಲ್ಲಿ ಐದು ವರ್ಷ, ಚಿಕಿತ್ಸೆ ಕೊಡುವಾಗ ತಪ್ಪಿದ ನೋಂದಾಯಿತ ವೈದ್ಯರಿಗೆ ಮಾತ್ರ ಎರಡು. ನನ್ನ ನೋಟ್ಸಿನಲ್ಲಿ "ಸೆಕ್ಷನ್ 106: ಎರಡು ವರ್ಷ". ನಾನು ಅದನ್ನು ಬಾಯಿಪಾಠ ಮಾಡಿದ್ದೆ! ಅಡುಗೆಮನೆಯ ಗೋಡೆಗೆ ಚೀಟಿ ಅಂಟಿಸಿಕೊಂಡು ಬಾಯಿಪಾಠ ಮಾಡಿದ್ದೆ. ಅಂಗಡಿಯವನು "ಬಾಯಿ, ತೆಗೆದುಕೊಳ್ಳುತ್ತೀರಾ?" ಎಂದು ಮರಾಠಿಯಲ್ಲಿ ಎರಡು ಸಲ ಕೇಳಿದ. ನನಗೆ ಮಾತು ಹೊರಡಲಿಲ್ಲ. ಎಂಬತ್ತು ರೂಪಾಯಿ ಕೊಟ್ಟು ತಂದೆ. 35 ಸಾವಿರದ ನೋಟ್ಸಿನ ಮೂಲ ಎಂಬತ್ತು ರೂಪಾಯಿಗೆ.

ಅಂದು ರಾತ್ರಿ ಎರಡೂ ಪುಟಗಳ ಚಿತ್ರ ತೆಗೆದು ಕಳುಹಿಸಿದೆ. ಆತನ ಉತ್ತರಗಳನ್ನು ಹಾಗೆಯೇ ಕೊಡುತ್ತೇನೆ.

"ಎಲ್ಲ ಲೇಖಕರೂ ಒಂದೇ ಕಾನೂನಿನ ಬಗ್ಗೆ ಬರೆಯುತ್ತಾರೆ, ಸಾಲುಗಳು ಹೋಲುವುದು ಸಹಜ."

ಶಿಕ್ಷೆಯ ಅವಧಿಯೇ ತಪ್ಪಿದೆಯಲ್ಲ ಎಂದೆ. "ಪರೀಕ್ಷಕರು ಅಷ್ಟು ಸೂಕ್ಷ್ಮವಾಗಿ ನೋಡುವುದಿಲ್ಲ."

ಹದಿನೇಳು ತರಗತಿ ಬಾಕಿ ಇದೆ, ಅದರ ಹಣವನ್ನಾದರೂ ಕೊಡಿ ಎಂದೆ. "ವಿದ್ಯೆಗೆ ಕೊಟ್ಟದ್ದನ್ನು ಹಿಂದಕ್ಕೆ ಕೇಳುವ ಸಂಸ್ಕಾರ ನಮ್ಮಲ್ಲಿಲ್ಲಮ್ಮ."

ಸನದಿನ, ಅಂದರೆ ವಕೀಲಿಕೆಯ ಪರವಾನಗಿಯ, ಸಂಖ್ಯೆ ಕೊಡಿ, ಮಹಾರಾಷ್ಟ್ರ ಮತ್ತು ಗೋವಾ ವಕೀಲರ ಪರಿಷತ್ತಿನಲ್ಲಿ ವಿಚಾರಿಸುತ್ತೇನೆ ಎಂದೆ. ಎರಡು ದಿನ ಉತ್ತರವಿಲ್ಲ. ಆಮೇಲೆ: "ಒಬ್ಬ ಕನ್ನಡಿಗನ ಹೊಟ್ಟೆಯ ಮೇಲೆ ಹೊಡೆಯಲು ಇನ್ನೊಬ್ಬ ಕನ್ನಡಿತಿಯೇ ಹೊರಟಿದ್ದಾಳೆ. ನಿಮ್ಮ ಯಜಮಾನರ ನಂಬರ್ ಕೊಡಿ, ಅವರೊಡನೆ ಮಾತನಾಡುತ್ತೇನೆ."

ಈ ಕೊನೆಯ ಸಾಲನ್ನು ಓದಿದಾಗ ಬಂದ ಸಿಟ್ಟು ಇನ್ನೂ ಇಳಿದಿಲ್ಲ. ದುಡಿದವಳು ನಾನು, ಓದುವವಳು ನಾನು, ಮೋಸ ಹೋದವಳು ನಾನು, ಮಾತನಾಡುವುದು ಯಜಮಾನರೊಡನೆಯಂತೆ! ಅದೇ ರಾತ್ರಿ ನಾನೇ ಯಜಮಾನರಿಗೆ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಎರಡನೆಯ ಕಂತಿನ ವಿಷಯ ಯಾಕೆ ಹೇಳಲಿಲ್ಲ?" ಎಂದು ಮಾತ್ರ ಕೇಳಿದರು.

ಪೊಲೀಸ್ ಠಾಣೆಗೂ ಹೋದೆವು. ಅರ್ಜಿ ತೆಗೆದುಕೊಂಡರು, ಇದು ಫೀಸಿನ ತಕರಾರು, ಸಿವಿಲ್ ವಿಷಯ ಎಂದರು. ಕಾನೂನು ಓದುವವಳಾಗಿ ಅವರ ಮಾತಿನಲ್ಲಿ ತಿರುಳಿದೆ ಎಂದು ನನಗೂ ಗೊತ್ತು: ಒಪ್ಪಿದ ಕೆಲಸ ಮಾಡದಿರುವುದೇ ವಂಚನೆಯಾಗುವುದಿಲ್ಲ, ಮೊದಲಿನಿಂದಲೇ ಮೋಸದ ಉದ್ದೇಶ ಇರಬೇಕು. ಆದರೆ ವೈಟ್ನರ್ ಬಳಿದದ್ದು ಯಾವಾಗ? ನನ್ನಿಂದ ಹಣ ತೆಗೆದುಕೊಂಡ ಮೇಲೆಯೇ? ಮೊದಲ ದಿನವೇ ಆ ಕಟ್ಟು ಆತನ ಕಡತದಲ್ಲಿ ಸಿದ್ಧವಾಗಿತ್ತು. ಉದ್ದೇಶ ಮೊದಲಿನಿಂದ ಇತ್ತು ಎಂಬುದಕ್ಕೆ ಇದಕ್ಕಿಂತ ಇನ್ನೇನು ಬೇಕು? ಎರಡನೆಯ ಅರ್ಜಿಯಲ್ಲಿ ಇದನ್ನೇ ಬರೆದು ಕೊಟ್ಟಿದ್ದೇನೆ, ಎರಡೂ ಪುಟಗಳನ್ನು ಲಗತ್ತಿಸಿದ್ದೇನೆ.

ಉಳಿದ ಒಂಬತ್ತು ದಿನ ಹೊಸ ಸಂಹಿತೆಯ ಬೇರ್ ಆಕ್ಟ್ (ಕಾನೂನಿನ ಮೂಲ ಪಠ್ಯ ಮಾತ್ರ ಇರುವ ಪುಸ್ತಕ) ಹಿಡಿದು ರಾತ್ರಿ ಎರಡರವರೆಗೆ ಕುಳಿತೆ. ತಲೆಯಲ್ಲಿ ಕುಳಿತಿದ್ದ ತಪ್ಪನ್ನು ಮೊದಲು ಕೀಳಬೇಕಿತ್ತು, ಅದೇ ಕಷ್ಟ. ಪರೀಕ್ಷೆ ಬರೆದೆ. ಫಲಿತಾಂಶ ಬಂದಿಲ್ಲ.

ಹುಡುಕುತ್ತಿರುವವರು ಇಷ್ಟು ಮಾಡಿ. ವಕೀಲ ಎಂದು ಹೇಳಿಕೊಂಡರೆ ಸನದು ತೋರಿಸಲು ಹೇಳಿ. ಕಲಿಸಲು ವಕೀಲನೇ ಆಗಿರಬೇಕಾಗಿಲ್ಲ, ಆದರೆ ಆಗಿರದಿದ್ದರೂ ಆಗಿದ್ದೇನೆ ಎನ್ನುವವನ ಹತ್ತಿರ ಕೂರಬೇಡಿ. ಹಣವನ್ನು ತರಗತಿ ಮುಗಿದಂತೆ ಕೊಡಿ, ಕಲಿಸುವವರ ಹೆಸರಿನ ಖಾತೆಗೇ ಕೊಡಿ. ನೋಟ್ಸ್ ಕೊಟ್ಟರೆ 106ನೆಯ ಸೆಕ್ಷನ್ ತೆರೆದು ಶಿಕ್ಷೆ ಎಷ್ಟು ಬರೆದಿದೆ ನೋಡಿ. ನಮ್ಮವರು, ನಮ್ಮ ಭಾಷೆ, ನಮ್ಮ ಊರು ಎಂಬ ಮಾತು ಫೀಸಿನ ಮಾತಿನ ಜೊತೆಗೇ ಬಂದರೆ ಎದ್ದು ಬನ್ನಿ. ಮುಂಬಯಿಯಲ್ಲಿ ಪ್ರೀತಿಯಿಂದ ಕಲಿಸುವ ಕನ್ನಡಿಗರು ಎಷ್ಟೋ ಜನ ಇದ್ದಾರೆ, ಅವರ ಹೆಸರನ್ನೂ ಈತ ಕೆಡಿಸುತ್ತಿದ್ದಾನೆ ಎಂಬುದು ನನ್ನ ಸಂಕಟ.

ಭಾಂಡುಪಿನ ಹುಡುಗಿ ಹಣ ಕೊಟ್ಟಿಲ್ಲ. ಆತ ಅವಳಿಗೆ ಕಳುಹಿಸಿದ ಚಿತ್ರವನ್ನು ನನಗೂ ಕಳುಹಿಸಿದಳು. ನನ್ನ ಆ ಒಂದು ಸಾಲು, ಕೆಳಗೆ ಆತನ ಕೈಮುಗಿದ ಉತ್ತರ, ಅಷ್ಟೇ. ನಿಮಗೂ ಆ ಚಿತ್ರ ಬಂದರೆ ತಿಳಿದುಕೊಳ್ಳಿ: ಅದು ಮೊದಲ ತರಗತಿಯ ರಾತ್ರಿ ಬರೆದದ್ದು. ಹಣ ಹಿಂದಿರುಗಿಸಿ ಎಂದು ನಾನು ಕಳುಹಿಸಿದ ಹನ್ನೊಂದು ಸಂದೇಶಗಳು ಅದರ ಕೆಳಗಿವೆ. ಅವನ್ನು ಆತ ಕತ್ತರಿಸಿದ್ದಾನೆ.