ಹೊಟ್ಟೆಯ ಮೆರಿಡಿಯನ್‌ಗೆ ಬೆರಳೋ, ಮಾಕ್ಸಾನೋ, ಸೂಜಿಯೋ?

ಹೊಟ್ಟೆ ಭಾರಕ್ಕೆ ಬೆರಳಲ್ಲಿ ಒತ್ತೋದು, ಮಾಕ್ಸಾ ಶಾಖ, ಸೂಜಿ ಚುಚ್ಚೋದು, ಈ ಮೂರರಲ್ಲಿ ಯಾವುದು ಅಂತ ಕೇಳಿದ್ದೀರಿ. ಮೆರಿಡಿಯನ್ ಅಂದರೆ ದೇಹದ ಶಕ್ತಿ ಹರಿಯುತ್ತದೆ ಅಂತ ಚೀನೀ ವೈದ್ಯಪದ್ಧತಿ ನಂಬುವ ದಾರಿ. ಹೊಟ್ಟೆಯ ಮೆರಿಡಿಯನ್ ಕಣ್ಣಿನ ಕೆಳಗೆ ಶುರುವಾಗಿ ಕಾಲಿನ ಎರಡನೇ ಬೆರಳಲ್ಲಿ ಮುಗಿಯುತ್ತದೆ. ಒಟ್ಟು 45 ಬಿಂದುಗಳು. ಕೊಯ್ದರೆ ಕಾಣುವ ನರ ಅಲ್ಲ ಇದು, ಆ ಪದ್ಧತಿಯ ನಕ್ಷೆ. ನೀವು ಕೇಳಿದ ಹೊಟ್ಟೆ ಭಾರಕ್ಕೆ ಅಲ್ಲಿ ಜಾಸ್ತಿ ಬಳಸೋದು 36ನೇ ಬಿಂದು, ಝುಸಾನ್‌ಲಿ.

ಖರ್ಚಿನ ಮಾತಾದರೆ ಬೆರಳೇ ಸಲೀಸು, ದುಡ್ಡೇ ಬೇಡ. ಮಂಡಿಚಿಪ್ಪಿನ ಕೆಳಗೆ ನಾಲ್ಕು ಬೆರಳು ಅಡ್ಡ ಇಟ್ಟು, ಕಾಲಿನ ಮುಂದಿನ ಮೂಳೆಯಿಂದ ಒಂದು ಬೆರಳು ಹೊರಕ್ಕೆ ಸರಿದು ಹೆಬ್ಬೆರಳಲ್ಲಿ ಒತ್ತಿ, ಮಂದವಾಗಿ ನೋವು ಹರಡಿದರೆ ಜಾಗ ಸಿಕ್ಕಿತು ಅಂತ. ದಿನಾ ಎರಡು ನಿಮಿಷ ಸಾಕು.

ಮಾಕ್ಸಾ ಅಂದರೆ ಮಾಚಿಪತ್ರೆ ಜಾತಿಯ ಸೊಪ್ಪು ಒಣಗಿಸಿ ಸುತ್ತಿದ ಕಡ್ಡಿ. ಅದಕ್ಕೆ ಬೆಂಕಿ ಹಚ್ಚಿ, ಬಿಂದುವಿನ ಹತ್ತಿರ ಚರ್ಮಕ್ಕೆ ತಾಗದಂತೆ ಹಿಡಿಯಬೇಕು. ಚಳಿಗೆ ಹೊಟ್ಟೆ ಕೆಡುವವರಿಗೆ ಅಲ್ಲಿ ಇದನ್ನೇ ಹೇಳುತ್ತಾರೆ. ಆದರೆ ಹೊಗೆ ಜೋರು, ಆಸ್ತಮಾ ಇದ್ದರೆ ಬೇಡ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಂತೂ ಖಂಡಿತ ಬೇಡ, ಸುಟ್ಟರೂ ಗೊತ್ತಾಗಲ್ಲ.

ಸೂಜಿಗೆ, ಅಂದರೆ ಬಿಂದುವಿಗೆ ಸಣ್ಣ ಸೂಜಿ ಚುಚ್ಚುವ ಅಕ್ಯುಪಂಕ್ಚರ್‌ಗೆ, ಕಲಿತವರೇ ಬೇಕು, ಪ್ರತಿ ಸಲ ದುಡ್ಡು, ಓಡಾಟ. ಹಳೇ ತೊಂದರೆಗೆ ಹೋಗುವುದಾದರೆ ನಿಮ್ಮೆದುರೇ ಹೊಸ ಸೂಜಿ ಪ್ಯಾಕೆಟ್ ಒಡೆಯಲಿ. ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಮೊದಲೇ ಹೇಳಿ. ತೂಕ ಇಳಿಯುತ್ತಿದ್ದರೆ, ಮಲ ಕಪ್ಪಗಿದ್ದರೆ ಈ ಮೂರನ್ನೂ ಬಿಟ್ಟು ಮೊದಲು ಡಾಕ್ಟರ್ ಹತ್ತಿರ ಹೋಗಿ.