‘ತರಬೇತಿ ಪಡೆದ ಸಿಬ್ಬಂದಿ’ ಎಂಬ ಎರಡು ಸಾಲಿನ ಭರವಸೆಗೆ ಅಮ್ಮ ತೆತ್ತ ಬೆಲೆ

ಹಾಸಿಗೆ ಹಿಡಿದ ಹಿರಿಯರನ್ನು ಆರೈಕೆ ಕೇಂದ್ರಕ್ಕೆ ಸೇರಿಸುವ ಯೋಚನೆಯಲ್ಲಿರುವವರು ಮುಂಗಡ ಕಟ್ಟುವ ಮೊದಲು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ. ಕೇಂದ್ರದ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ. ನನ್ನ ದೂರು ಗ್ರಾಹಕರ ಆಯೋಗದ ಮುಂದಿರುವುದು ಒಂದು ಕಾರಣವಾದರೆ, ನಾನು ಕಂಡದ್ದು ಆ ಒಂದೇ ಕಟ್ಟಡದೊಳಗೆ ನಡೆಯುವಂಥದ್ದಲ್ಲ ಎಂಬುದು ಇನ್ನೊಂದು ಕಾರಣ.

ಅಮ್ಮನಿಗೆ 74 ವರ್ಷ. ಪಾರ್ಶ್ವವಾಯುವಿನಿಂದ ಎಡಗೈ, ಎಡಗಾಲು ಸ್ವಾಧೀನ ತಪ್ಪಿ, ನುಂಗುವ ಶಕ್ತಿಯೂ ಕುಂದಿದ್ದರಿಂದ ಮೂಗಿನ ಮೂಲಕ ಹೊಟ್ಟೆಗೆ ಆಹಾರ ಇಳಿಸುವ ರೈಲ್ಸ್ ಟ್ಯೂಬ್ ಇರಿಸಿಯೇ ಆಸ್ಪತ್ರೆಯವರು ಮನೆಗೆ ಕಳುಹಿಸಿದರು. ನಮ್ಮದು ಬೆಂಗಳೂರಿನಲ್ಲಿ ಎರಡನೇ ಮಹಡಿಯ ಬಾಡಿಗೆ ಮನೆ, ಲಿಫ್ಟ್ ಇಲ್ಲ, ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವವರು. ಹಾಗಾಗಿ ಊರಾಚೆಯ ಒಂದು ಆರೈಕೆ ಕೇಂದ್ರವನ್ನು ನೋಡಿ ಬಂದೆವು. ಅಂಗಳ ಚೊಕ್ಕಟವಾಗಿತ್ತು, ತುಳಸಿಕಟ್ಟೆಯಿತ್ತು, ಬಿಳಿ ಸಮವಸ್ತ್ರದ ಹುಡುಗಿಯರು ಓಡಾಡುತ್ತಿದ್ದರು. ‘ನಮ್ಮ ಸಿಸ್ಟರ್‌ಗಳೆಲ್ಲರೂ ಟ್ರೈನ್ಡ್ ಸರ್, ಇಪ್ಪತ್ನಾಲ್ಕು ಗಂಟೆಯೂ ಇರುತ್ತಾರೆ’ ಎಂದು ವ್ಯವಸ್ಥಾಪಕರು ಹೇಳಿದರು. ಅವರು ಕೊಟ್ಟ ಕರಪತ್ರದಲ್ಲೂ ಅದೇ ಮಾತು ಎರಡು ಸಾಲಿನಲ್ಲಿ ಅಚ್ಚಾಗಿತ್ತು. ಯಾವುದರಲ್ಲಿ ತರಬೇತಿ, ಯಾರು ಕೊಟ್ಟದ್ದು, ಎಷ್ಟು ದಿನದ್ದು ಎಂದು ನಾನು ಕೇಳಲಿಲ್ಲ. ಊಟದಲ್ಲಿ ಈರುಳ್ಳಿ ಹಾಕುತ್ತಾರೆಯೇ ಎಂದು ಮಾತ್ರ ಕೇಳಿದ್ದು ನೆನಪಿದೆ, ಅಮ್ಮ ಆಗ ಬಾಯಿಂದ ಊಟವನ್ನೇ ಮಾಡುತ್ತಿರಲಿಲ್ಲ.

ಸೇರಿಸಿದ ಇಪ್ಪತ್ತಮೂರನೆಯ ದಿನ, ಭಾನುವಾರ, ಹೇಳದೆ ಕೇಳದೆ ಮಧ್ಯಾಹ್ನದ ಹೊತ್ತಿಗೆ ಹೋದೆ. ಅಮ್ಮ ಅಂಗಾತ ಮಲಗಿದ್ದರು, ತಲೆಯ ಕೆಳಗೆ ತೆಳುವಾದ ಒಂದು ದಿಂಬು ಮಾತ್ರ ಇತ್ತು. ಒಬ್ಬ ಹುಡುಗಿ ಸಿರಿಂಜಿನ ಹಿಡಿಕೆಯನ್ನು ಒತ್ತಿ ಒತ್ತಿ ರಾಗಿ ಗಂಜಿಯನ್ನು ಟ್ಯೂಬಿಗೆ ತಳ್ಳುತ್ತಿದ್ದಳು. ಅಮ್ಮ ತೊದಲುತ್ತಾ ‘ಎತ್ತು, ಎತ್ತು’ ಎನ್ನುತ್ತಿದ್ದರು. ಒಡಿಶಾದಿಂದ ಬಂದಿದ್ದ ಆ ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ. ‘ಮಾ’ ಯಾರನ್ನೋ ಹೆಸರು ಹಿಡಿದು ಕರೆಯುತ್ತಿದ್ದಾರೆ ಎಂದು ಅವಳು ತಿಳಿದಿದ್ದಳಂತೆ. ಅಮ್ಮನ ಮೈ ಸುಡುತ್ತಿತ್ತು. ಅದೇ ಸಂಜೆ ಆಸ್ಪತ್ರೆಗೆ ಸೇರಿಸಿದಾಗ ವೈದ್ಯರು ಎರಡು ಸಂಗತಿಗಳನ್ನು ಹೇಳಿದರು: ಆಹಾರ ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿದೆ, ಬೆನ್ನಿನ ತುದಿಯಲ್ಲಿ ಅಂಗೈಯಗಲದ ಹಾಸಿಗೆ ಹುಣ್ಣಿದೆ. ಹುಣ್ಣಿನ ವಿಷಯವನ್ನು ಕೇಂದ್ರದವರು ಒಮ್ಮೆಯೂ ನಮಗೆ ತಿಳಿಸಿರಲಿಲ್ಲ.

ಟ್ಯೂಬಿನಲ್ಲಿ ಆಹಾರ ಕೊಡುವಾಗ ಮಂಚದ ತಲೆಭಾಗವನ್ನು 30ರಿಂದ 45 ಡಿಗ್ರಿ ಎತ್ತರಿಸಬೇಕು, ಕೊಟ್ಟ ಮೇಲೂ ಅರ್ಧ ಗಂಟೆಯಿಂದ ಒಂದು ಗಂಟೆಯವರೆಗೆ ಹಾಗೆಯೇ ಕೂರಿಸಿರಬೇಕು, ಪ್ರತಿ ಸಲವೂ ಮೂಗಿನ ಬಳಿಯ ಗುರುತನ್ನು ನೋಡಿ ಟ್ಯೂಬ್ ಜರುಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು, ಆಹಾರವನ್ನು ರಭಸದಿಂದ ತಳ್ಳದೆ ತಾನಾಗಿ ಇಳಿಯಲು ಬಿಡಬೇಕು. ಇದನ್ನು ಆಸ್ಪತ್ರೆಯ ದಾದಿಯೊಬ್ಬರು ನನಗೆ ಕಲಿಸಲು ತೆಗೆದುಕೊಂಡದ್ದು ಒಂದು ಮಧ್ಯಾಹ್ನ. ಹಾಸಿಗೆ ಹುಣ್ಣಿನದೂ ಅಷ್ಟೇ. ಮೂಳೆಯ ಮೇಲಿನ ಚರ್ಮ ಗಂಟೆಗಟ್ಟಲೆ ಒತ್ತಿಕೊಂಡಿದ್ದರೆ ಅಲ್ಲಿಗೆ ರಕ್ತ ಹರಿಯುವುದಿಲ್ಲ. ಅದಕ್ಕಾಗಿಯೇ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು. ಮೇಲಕ್ಕೆ ಸರಿಸುವಾಗ ಎಳೆಯದೆ, ಕೆಳಗೆ ಹಾಸಿದ ಬಟ್ಟೆಯ ಸಮೇತ ಇಬ್ಬರು ಸೇರಿ ಎತ್ತಬೇಕು, ಎಳೆದರೆ ಚರ್ಮ ಒಳಗಿನಿಂದಲೇ ಹರಿಯುತ್ತದೆ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಅದು ಬಿಳಿಚದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದರ್ಥ. ನಮ್ಮಲ್ಲಿ ಬಹುಮಂದಿಯ ಮೈಬಣ್ಣಕ್ಕೆ ಆ ಕೆಂಪು ಕಾಣಿಸುವುದೇ ಇಲ್ಲವಾದ್ದರಿಂದ, ಆ ಜಾಗ ಸುತ್ತಲಿಗಿಂತ ಬಿಸಿಯಾಗಿದೆಯೇ, ಗಟ್ಟಿಯಾಗಿದೆಯೇ ಎಂದು ಮುಟ್ಟಿ ನೋಡುವುದನ್ನೂ ಯಾರಾದರೂ ಕಲಿಸಿಕೊಟ್ಟಿರಬೇಕು.

ಆ ಹುಡುಗಿಗೆ ಯಾರೂ ಕಲಿಸಿರಲಿಲ್ಲ. ಎರಡು ತಿಂಗಳ ಹಿಂದೆ ಅವಳು ಗಾರ್ಮೆಂಟ್ಸ್‌ನಲ್ಲಿ ಕಾಲರು ಹೊಲಿಯುತ್ತಿದ್ದಳು. ಕೇಂದ್ರಕ್ಕೆ ಸೇರಿದ ಮೇಲೆ ಮೂರು ದಿನ ಹಳೆಯ ಅಟೆಂಡರ್ ಒಬ್ಬರ ಹಿಂದೆ ಓಡಾಡಿದ್ದೇ ಅವಳ ತರಬೇತಿ. ನಾಲ್ಕನೆಯ ದಿನದಿಂದ ರಾತ್ರಿ ಪಾಳಿಯಲ್ಲೂ ಹನ್ನೊಂದು ಮಂದಿಯನ್ನು ಒಬ್ಬಳೇ ನೋಡಿಕೊಳ್ಳುತ್ತಿದ್ದಳು. ಹನ್ನೊಂದು ಮಂದಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಕಲಿತವಳಿಂದಲೂ ಆಗದ ಕೆಲಸ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಅವಳಿಗೆ ಬಿಳಿ ಬಟ್ಟೆ ತೊಡಿಸಿ, ‘ಸಿಸ್ಟರ್’ ಎಂದು ಕರೆಸಿ, ತಿಂಗಳಿಗೆ 45,000 ರೂಪಾಯಿಯನ್ನು ನನ್ನಿಂದ ಎಣಿಸಿಕೊಂಡವರ ಮೇಲೆ ಇದೆ.

ಮಗ್ಗುಲು ಬದಲಿಸಿದ್ದನ್ನು ಬರೆದಿಡುವ ರಿಜಿಸ್ಟರಿನ ವಿಚಾರವನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಕೇಂದ್ರದವರು ತಮ್ಮ ಪರವಾಗಿ ಮುಂದಿಟ್ಟದ್ದು ಅದನ್ನೇ. ಎರಡು ಗಂಟೆಗೊಮ್ಮೆ ಎಡ, ಬಲ, ಅಂಗಾತ ಎಂದು ಇಪ್ಪತ್ತಮೂರು ದಿನವೂ ತಪ್ಪದೆ ತುಂಬಿದ್ದರು, ಒಂದೇ ಶಾಯಿ, ಒಂದೇ ಕೈಬರಹ. ಹನ್ನೊಂದನೆಯ ದಿನದ ಪುಟದಲ್ಲಿ ಮಧ್ಯಾಹ್ನ ಎರಡಕ್ಕೆ ಬಲ, ನಾಲ್ಕಕ್ಕೆ ಎಡ ಎಂದಿತ್ತು, ಪಕ್ಕದಲ್ಲಿ ಸಹಿಯೂ ಇತ್ತು. ಅಂದು ಹನ್ನೆರಡರಿಂದ ಐದರವರೆಗೆ ಅಮ್ಮ ನನ್ನ ಜೊತೆ ನರರೋಗ ತಜ್ಞರ ಕ್ಲಿನಿಕ್ಕಿನಲ್ಲಿದ್ದರು, ಆಂಬುಲೆನ್ಸಿನ ರಸೀದಿ ನನ್ನ ಬಳಿ ಇದೆ.

ಅಮೆರಿಕದಲ್ಲಿ ದಾದಿಯಾಗಿರುವ ನನ್ನ ಚಿಕ್ಕಪ್ಪನ ಮಗಳು ಫೋನಿನಲ್ಲಿ ಮೊದಲು ಕೇಳಿದ ಪ್ರಶ್ನೆ, ‘ಅಣ್ಣ, ಆ ಹುಡುಗಿಗೆ ಎಷ್ಟು ಗಂಟೆ ಟ್ರೈನಿಂಗ್ ಆಗಿತ್ತು?’ ಎಂದು. ಅಲ್ಲಿ 1987ರ ಕಾನೂನಿನ ಪ್ರಕಾರ ನರ್ಸಿಂಗ್ ಹೋಮುಗಳ ಸಹಾಯಕರಿಗೆ ಕನಿಷ್ಠ 75 ಗಂಟೆಗಳ ತರಬೇತಿ ಆಗಬೇಕು, ಅದರಲ್ಲಿ 16 ಗಂಟೆ ಮೇಲ್ವಿಚಾರಕರ ಕಣ್ಣೆದುರಿನ ಅಭ್ಯಾಸವಾಗಿರಬೇಕು, ಆಮೇಲೆ ವರ್ಷವರ್ಷವೂ ಕನಿಷ್ಠ 12 ಗಂಟೆ ಮತ್ತೆ ಕಲಿಯಬೇಕು. ಅಲ್ಲಿಯೂ ಎಲ್ಲವೂ ಸರಿಯಿದೆ ಎಂದು ಅವಳು ಹೇಳಲಿಲ್ಲ. ಆದರೆ ಗಂಟೆಯ ಲೆಕ್ಕ ಕೇಳುವ ಹಕ್ಕು ಅಲ್ಲಿನ ಮಗನಿಗಿದೆ. ನಮ್ಮಲ್ಲಿ 2007ರ ಪೋಷಕರ ಮತ್ತು ಹಿರಿಯ ನಾಗರಿಕರ ಕಾಯ್ದೆಯು ಪ್ರತಿ ಜಿಲ್ಲೆಗೆ ನಿರ್ಗತಿಕ ಹಿರಿಯರ ವೃದ್ಧಾಶ್ರಮದ ಮಾತಾಡುತ್ತದೆಯೇ ಹೊರತು, ಖಾಸಗಿ ಕೇಂದ್ರದ ಅಟೆಂಡರ್ ಏನು ಕಲಿತಿರಬೇಕು ಎಂಬುದನ್ನು ಹೇಳುವುದಿಲ್ಲ. 2019ರಲ್ಲಿ ಲೋಕಸಭೆಯಲ್ಲಿ ಮಂಡನೆಯಾದ ತಿದ್ದುಪಡಿ ಮಸೂದೆಯಲ್ಲಿ ಆರೈಕೆ ಕೇಂದ್ರಗಳ ನೋಂದಣಿ, ಕನಿಷ್ಠ ಗುಣಮಟ್ಟ, ಮನೆಗೆ ಕಳುಹಿಸುವ ಆರೈಕೆದಾರರ ತರಬೇತಿ ಇವೆಲ್ಲ ಇದ್ದವು. ಆ ಲೋಕಸಭೆಯ ಅವಧಿ ಮುಗಿದರೂ ಅದು ಕಾಯ್ದೆಯಾಗಲಿಲ್ಲ. ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿಯನ್ನು ಕೇಳಿದಾಗ ವ್ಯವಸ್ಥಾಪಕರು, ‘ನಾವು ಆಸ್ಪತ್ರೆಯಲ್ಲ ಸರ್, ವೃದ್ಧಾಶ್ರಮ’ ಎಂದರು. ಟ್ಯೂಬ್, ಕ್ಯಾಥೆಟರ್, ಇನ್ಸುಲಿನ್‌ಗೆ ಪ್ರತ್ಯೇಕ ಶುಲ್ಕ ಹಾಕಿದ್ದ ಬಿಲ್ಲು ಆಗ ನನ್ನ ಕೈಯಲ್ಲೇ ಇತ್ತು.

ಆದ್ದರಿಂದ ಕೇಳುವ ಕೆಲಸ ನಮ್ಮ ಪಾಲಿಗೇ ಬಂದಿದೆ. ಸಮವಸ್ತ್ರವನ್ನು ನೋಡಿ ನರ್ಸ್ ಎಂದುಕೊಳ್ಳಬೇಡಿ. ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷದ ಕೋರ್ಸು, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷದ್ದು, ಸಹಾಯಕ ನರ್ಸ್‌ಗಳ ಎಎನ್‌ಎಂ ಎರಡು ವರ್ಷದ್ದು. ಇವನ್ನು ಮುಗಿಸಿದವರಿಗೆ ನರ್ಸಿಂಗ್ ಕೌನ್ಸಿಲಿನ ನೋಂದಣಿ ಸಂಖ್ಯೆ ಇರುತ್ತದೆ, ಅದನ್ನು ಕೇಳಿ ಬರೆದುಕೊಳ್ಳಿ. ಉಳಿದವರು ಅಟೆಂಡರ್‌ಗಳು. ಅವರಲ್ಲಿ ರೋಗಿಗಳ ಆರೈಕೆ ಕಲಿಸುವ ಜನರಲ್ ಡ್ಯೂಟಿ ಅಸಿಸ್ಟೆಂಟ್ ಕೋರ್ಸು ಮಾಡಿದವರೆಷ್ಟು, ಪ್ರಮಾಣಪತ್ರ ಎಲ್ಲಿದೆ, ಸೇರಿದ ಮೇಲೆ ಎಷ್ಟು ದಿನ ಯಾರ ಕೈಕೆಳಗೆ ಕಲಿತರು, ರಾತ್ರಿ ಪಾಳಿಯಲ್ಲಿ ನೋಂದಾಯಿತ ನರ್ಸ್ ಯಾರಿರುತ್ತಾರೆ ಎಂದು ಕೇಳಿ. ಕಾಗದಕ್ಕಿಂತ ಮುಖ್ಯವಾಗಿ, ನಿಮ್ಮವರಿಗೆ ಬೇಕಾದ ಕೆಲಸವನ್ನು ಅವರು ಮಾಡುವುದನ್ನು ಕಣ್ಣಾರೆ ನೋಡಿ: ಮಂಚ ಎತ್ತರಿಸುತ್ತಾರೆಯೇ, ಕೈ ತೊಳೆಯುತ್ತಾರೆಯೇ, ಸ್ವಾಧೀನವಿಲ್ಲದ ತೋಳನ್ನು ಹಿಡಿದೆಳೆದು ಎಬ್ಬಿಸುತ್ತಾರೆಯೇ. ಅಮ್ಮನ ಎಡಭುಜದ ಕೀಲು ಸಡಿಲವಾದದ್ದು ಹಾಗೆ ಎಳೆದುದರಿಂದಲೇ ಎಂದು ಫಿಸಿಯೊಥೆರಪಿಸ್ಟ್ ಹೇಳಿದರು. ಹಿರಿಯರ ಮಾತು ತಿಳಿಯುವವರು ಪ್ರತಿ ಪಾಳಿಯಲ್ಲೂ ಒಬ್ಬರಿರಲೇಬೇಕೆಂದು ಪಟ್ಟು ಹಿಡಿಯಿರಿ. ಭೇಟಿಗೆ ಮೊದಲೇ ಫೋನ್ ಮಾಡಿ ಬನ್ನಿ ಎನ್ನುವ ಕೇಂದ್ರವನ್ನು ಬಿಟ್ಟುಬಿಡಿ. ಈಗಾಗಲೇ ತೊಂದರೆಯಲ್ಲಿರುವವರಿಗೆ ಹಿರಿಯರ ಸಹಾಯವಾಣಿ 14567 ಇದೆ. ದೂರು ಕೊಡುವ ಮೊದಲು ಗಾಯದ ಫೋಟೊ, ರಿಜಿಸ್ಟರಿನ ನಕಲು, ರಸೀದಿಗಳನ್ನು ತೆಗೆದಿಟ್ಟುಕೊಳ್ಳಿ. ನನಗೆ ರಿಜಿಸ್ಟರ್ ಸಿಕ್ಕಿದ್ದು ಅವರು ಅದನ್ನೇ ತಮ್ಮ ರಕ್ಷಣೆ ಎಂದು ನಂಬಿದ್ದರಿಂದ.

ಅಮ್ಮ ಈಗ ಮನೆಯಲ್ಲಿದ್ದಾರೆ. ಅವರಿಗಾಗಿಯೇ ನೆಲಮಹಡಿಯ ಮನೆಗೆ ಬದಲಾದೆವು. ಹಗಲಿಗೆ ತಿಪಟೂರು ಕಡೆಯ ಹೆಂಗಸೊಬ್ಬರು ಬರುತ್ತಾರೆ. ಆಸ್ಪತ್ರೆಯ ದಾದಿ ಬಂದು ಎರಡು ದಿನ ಅವರಿಗೂ ನನ್ನ ಹೆಂಡತಿಗೂ ಎಲ್ಲವನ್ನೂ ಮಾಡಿಸಿ ತೋರಿಸಿದರು. ಮಂಚ ಎಷ್ಟು ಏರಬೇಕೆಂದು ಗೋಡೆಯ ಮೇಲೆ ಕೆಂಪು ಟೇಪಿನ ಗುರುತಿದೆ. ಅದು ತಪ್ಪಿದರೆ ಅಮ್ಮ ‘ಎತ್ತು’ ಎನ್ನುತ್ತಾರೆ, ಆ ಹೆಂಗಸು ಎತ್ತುತ್ತಾರೆ. ಅಂಗೈಯಗಲವಿದ್ದ ಹುಣ್ಣು ಮೊನ್ನೆ ಡ್ರೆಸಿಂಗ್ ಬದಲಿಸುವಾಗ ಹಳೆಯ ಎಂಟಾಣೆ ನಾಣ್ಯದಷ್ಟಿತ್ತು.