ಹುಬ್ಬಳ್ಳಿ ಕನ್ಸಲ್ಟೆನ್ಸಿಗೆ 25 ಸಾವಿರ, ಆಮೇಲೆ ಪುಕ್ಕಟೆ ವೆಬ್‌ಸೈಟು

ನನ್ನ ತಂಗಿ ಧಾರವಾಡ ಕೃಷಿ ವಿವಿಯಲ್ಲಿ ಎಂಎಸ್‌ಸಿ ಮುಗಿಸಿದ್ದಾಳೆ. ವಿಷಯ ಮಣ್ಣು ವಿಜ್ಞಾನ. ಹೊರದೇಶದಲ್ಲಿ ಪಿಎಚ್‌ಡಿ ಮಾಡಬೇಕು ಅಂತ ಅವಳ ಆಸೆ. ಅಪ್ಪ ಹೂಂ ಅಂದರು, ಜೊತೆಗೇ ಹೊಲ ಮಾರೋ ಮಾತಿಲ್ಲ ಅಂತಲೂ ಅಂದರು. ನಾನು ಕಾಮರ್ಸ್ ಓದಿದವಳು. ಮಣ್ಣಿನ ಬಗ್ಗೆ ನನಗೆ ಗೊತ್ತಿರುವುದು ಇಷ್ಟೇ: ನವಲಗುಂದದ ಎರಿ ಹೊಲದಲ್ಲಿ ಮಳೆಗಾಲಕ್ಕೆ ಚಪ್ಪಲಿ ಹೂತುಕೊಂಡರೆ ಅದರ ಆಸೆ ಬಿಡಬೇಕು. ಆದರೂ ಈ ಎಂಟು ತಿಂಗಳು ಹುಡುಕಾಟದಲ್ಲಿ ಅವಳ ಪಕ್ಕದಲ್ಲೇ ಕೂತಿದ್ದೆ, ಹಾಗಾಗಿ ಬರೆಯುತ್ತಿದ್ದೇನೆ.

ಮೊದಲು ಎಲ್ಲರೂ ಮಾಡೋದನ್ನೇ ಮಾಡಿದೆವು. ಚಿಗರಿ ಬಸ್ ಹತ್ತಿ ಹುಬ್ಬಳ್ಳಿಯ ಒಂದು ಕನ್ಸಲ್ಟೆನ್ಸಿಗೆ ಹೋದೆವು. ಹೆಸರು ಬೇಡ. ಎಸಿ ರೂಮು, ಗೋಡೆ ತುಂಬಾ ಬೇರೆ ಬೇರೆ ದೇಶದ ಬಾವುಟ, ಒಂದು ಗ್ಲಾಸ್ ಬಾದಾಮಿ ಹಾಲು. 25 ಸಾವಿರ ಕಟ್ಟಿಸಿಕೊಂಡರು. ಹದಿನೈದು ದಿನ ಬಿಟ್ಟು ಏಳು ಯುನಿವರ್ಸಿಟಿ ಹೆಸರಿರುವ ಒಂದು ಹಾಳೆ ಕೊಟ್ಟರು. ಏಳೂ ಖಾಸಗಿ, ಏಳೂ ಮಾಸ್ಟರ್ಸ್ ಕೋರ್ಸು. ಪಿಎಚ್‌ಡಿ ಅಲ್ವಾ ಕೇಳಿದ್ದು ಅಂದರೆ, "ಮೊದ್ಲ ಮಾಸ್ಟರ್ಸ್ ಮಾಡ್ಲಿ ಬಿಡ್ರಿ ಮೇಡಂ" ಅಂದರು. ಮಾಸ್ಟರ್ಸ್ ಮುಗಿಸಿದ ಸರ್ಟಿಫಿಕೇಟು ಅವರ ಟೇಬಲ್ ಮೇಲೇ ಇತ್ತು!

ಇದರ ಒಳಗುಟ್ಟು ಆಮೇಲೆ ತಿಳಿಯಿತು. ಇಂಥ ಕಚೇರಿಗಳಿಗೆ ಎಷ್ಟೋ ಸಲ ಯುನಿವರ್ಸಿಟಿ ಕಡೆಯಿಂದಲೇ ಕಮಿಷನ್ ಬರುತ್ತದೆ. ಜರ್ಮನಿಯ ಸರ್ಕಾರಿ ಯುನಿವರ್ಸಿಟಿಗಳಲ್ಲಿ ಬಹುಪಾಲು ಕಡೆ ಟ್ಯೂಷನ್ ಫೀಯೇ ಇಲ್ಲ, ಅವರು ಯಾರಿಗೆ ಎಲ್ಲಿಂದ ಕಮಿಷನ್ ಕೊಡುತ್ತಾರೆ? ಹಾಗಾಗಿ ಅವು ಹಾಳೆಗೆ ಬರಲಿಲ್ಲ, ಅಷ್ಟೇ.

ಆಮೇಲೆ ಸಪ್ತಾಪುರದ ನಮ್ಮ ಬಾಡಿಗೆ ಮನೆಯ ಅಡುಗೆಮನೆ ಟೇಬಲ್ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಶುರು ಮಾಡಿದೆವು. ಮೊದಲು ಸಿಕ್ಕಿದ್ದು ಡಿಎಎಡಿ. 1925ರಲ್ಲಿ ಶುರುವಾದ ಜರ್ಮನಿಯ ಸಂಸ್ಥೆ ಇದು, ಹೊರದೇಶದ ವಿದ್ಯಾರ್ಥಿಗಳಿಗೆ ಸ್ಕಾಲರ್‌ಶಿಪ್ ಕೊಡುವುದೇ ಇದರ ದೊಡ್ಡ ಕೆಲಸ. ಇವರ ಸ್ಕಾಲರ್‌ಶಿಪ್ ಡೇಟಾಬೇಸ್ ಪೂರ್ತಿ ಪುಕ್ಕಟೆ. ಯಾವ ದೇಶದವರು, ಯಾವ ಹಂತ, ಯಾವ ವಿಷಯ ಅಂತ ಆರಿಸಿದರೆ ನಮಗೆ ಹೊಂದುವ ಸ್ಕಾಲರ್‌ಶಿಪ್ಪುಗಳಷ್ಟೇ ಮುಂದೆ ಬರುತ್ತವೆ. ಆದರೆ ವಿಷಯದ ಪಟ್ಟಿಯಲ್ಲಿ ಮಣ್ಣನ್ನು ಹುಡುಕಬೇಡಿ. ಕೃಷಿ, ಕಾಡು, ಆಹಾರ, ಪಶುವೈದ್ಯ ಎಲ್ಲ ಸೇರಿ ಒಂದೇ ಗುಂಪು. ನಾವು ಮೊದಲ ದಿನ ಅರ್ಧ ಗಂಟೆ ಇದರಲ್ಲೇ ಕಳೆದೆವು. "ಅಕ್ಕಾ, ದನದ ಡಾಕ್ಟರ್ ಜೋಡಿ ಕುಂದ್ರಿಸ್ಯಾರ ನಮ್ಮನ್ನ" ಅಂತ ಅವಳು ನಕ್ಕಳು.

ಪ್ರತಿ ಸ್ಕಾಲರ್‌ಶಿಪ್ಪಿನ ಅರ್ಹತೆಯ ಭಾಗವನ್ನು ಪೂರ್ತಿ ಓದಿ, ಪ್ಲೀಸ್. ಡಿಎಎಡಿಯ ಎಷ್ಟೋ ಸ್ಕಾಲರ್‌ಶಿಪ್‌ಗಳಲ್ಲಿ ಕೊನೆಯ ಡಿಗ್ರಿ ಮುಗಿದು ಆರು ವರ್ಷಕ್ಕಿಂತ ಜಾಸ್ತಿ ಆಗಿರಬಾರದು. ಇಪಿಓಎಸ್ ಅಂತ ಒಂದಿದೆ, ಅದಕ್ಕೆ ಕಡಿಮೆ ಅಂದರೂ ಎರಡು ವರ್ಷದ ಕೆಲಸದ ಅನುಭವ ಬೇಕು. ಇದನ್ನು ಓದದೆ ಎರಡು ವಾರ ಕೂತು ಪತ್ರ ಬರೆದವರು ನಾವು.

ನನಗೆ ನಿಜವಾಗಿ ಇಷ್ಟವಾಗಿದ್ದು ಯುರಾಕ್ಸೆಸ್. ಸಂಶೋಧನೆಯ ಕೆಲಸಗಳ ಜಾಹೀರಾತು ಹಾಕುವ ವೆಬ್‌ಸೈಟು ಇದು. ಯುರೋಪಿಯನ್ ಕಮಿಷನ್ ಕಡೆಯದು, ಇದಕ್ಕೂ ದುಡ್ಡಿಲ್ಲ. ಇಲ್ಲಿ ಪಿಎಚ್‌ಡಿ ಅಂದರೆ ಅಡ್ಮಿಷನ್ ಅಲ್ಲ, ಕೆಲಸ. ಜಾಹೀರಾತಿನಲ್ಲಿ ಕೆಲಸದ ವಿವರ, ಮೇಲ್ವಿಚಾರಕರು, ಗಡುವು ಎಲ್ಲ ಇರುತ್ತದೆ, ಎಷ್ಟೋ ಸಲ ಸಂಬಳವೂ. ಹುಡುಕುವಾಗ ಆರ್1 ಅನ್ನೋದನ್ನು ಟಿಕ್ ಮಾಡಿ. ಅದು ಇನ್ನೂ ಪಿಎಚ್‌ಡಿ ಆಗದವರಿಗೆ. ಆರ್2 ಪಿಎಚ್‌ಡಿ ಮುಗಿದವರಿಗೆ, ಆರ್4 ಅಂದರೆ ದೊಡ್ಡ ದೊಡ್ಡ ಪ್ರೊಫೆಸರ್‌ಗಳಿಗೆ. ಟಿಕ್ ಮಾಡದೆ ಹುಡುಕಿದರೆ ಎಲ್ಲ ಕಲಸಿಕೊಂಡು ಬರುತ್ತದೆ. ಇನ್ನೊಂದು ಮಾತು. ಒಂದೇ ಪದ ಹಾಕಿ ಸಿಗಲಿಲ್ಲ ಅಂತ ಎದ್ದುಹೋಗಬೇಡಿ. 'ಸಾಯಿಲ್ ಸೈನ್ಸ್' ಹಾಕಿದಾಗ ಬಾರದ ಕೆಲಸ 'ಕಾರ್ಬನ್', 'ರೂಟ್', 'ಮೈಕ್ರೋಬಯೋಮ್' ಅಂತ ಹಾಕಿದಾಗ ಬಂತು. ಮಣ್ಣಿನದೇ ಕೆಲಸ, ಹೆಸರು ಬೇರೆ. ನಮ್ಮಲ್ಲಿ ಒಂದೇ ಭಾಜಿಗೆ ಊರಿಗೊಂದು ಹೆಸರು ಇರೋದಿಲ್ವಾ, ಹಾಗೆ.

ಅಲ್ಲಿ ಮೇರಿ ಕ್ಯೂರಿ ಡಾಕ್ಟೋರಲ್ ನೆಟ್‌ವರ್ಕ್ ಅನ್ನುವ ಜಾಹೀರಾತು ಕಂಡರೆ ಬಿಡಬೇಡಿ, ಯುರೋಪಿಯನ್ ಯೂನಿಯನ್ ದುಡ್ಡಿನಲ್ಲಿ ನಡೆಯುವ ಪಿಎಚ್‌ಡಿ ಕೆಲಸ ಅದು. ಅದರ ನಿಯಮ ನಮ್ಮಂಥವರಿಗಾಗಿಯೇ ಮಾಡಿದ ಹಾಗಿದೆ: ಕೆಲಸಕ್ಕೆ ಸೇರುವ ಹಿಂದಿನ 36 ತಿಂಗಳಲ್ಲಿ ಕೆಲಸ ಕೊಡುವ ದೇಶದಲ್ಲಿ 12 ತಿಂಗಳಿಗಿಂತ ಜಾಸ್ತಿ ಇದ್ದಿರಬಾರದು. ನನ್ನ ತಂಗಿ ಗೋವಾ ದಾಟಿ ಹೋದವಳಲ್ಲ. ಈ ಒಂದು ಅರ್ಹತೆ ಮಾತ್ರ ನೂರಕ್ಕೆ ನೂರು.

ಈಗ ನಮ್ಮ ಪೆದ್ದುತನ. ಜರ್ಮನಿಯ ಜಾಹೀರಾತುಗಳಲ್ಲಿ 'ಟಿವಿ-ಎಲ್ ಇ13, 65%' ಅಂತ ಬರೆದಿರುತ್ತದೆ. 65 ಪರ್ಸೆಂಟ್ ಮಾರ್ಕ್ಸ್ ಇದ್ದರೆ ಸಾಕು ಅಂತ ನಾವು ತಿಳಿದೆವು. ಖುಷಿಯಲ್ಲಿ ಅಪ್ಪನಿಗೂ ಹೇಳಿಬಿಟ್ಟೆ. ನೋಡಿದರೆ ಅದು ಸಂಬಳ! ಇ13 ಅನ್ನೋದು ಅಲ್ಲಿನ ಸರ್ಕಾರಿ ಸಂಬಳದ ಒಂದು ದರ್ಜೆ, ಅದರ ಪೂರ್ತಿ ಕೆಲಸದಲ್ಲಿ 65 ಪರ್ಸೆಂಟ್ ಹೊತ್ತಿನ ಲೆಕ್ಕದಲ್ಲಿ ದುಡ್ಡು.

ಎರಡನೆಯದು ಇನ್ನೂ ಹೊಟ್ಟೆ ಉರಿಸಿತು. ಒಂದು ಅರ್ಜಿಯ ಗಡುವು ಸೆಪ್ಟೆಂಬರ್ ಕೊನೆಯ ದಿನ, 17:00, ಬ್ರಸೆಲ್ಸ್ ಸಮಯ. ನಾವು ತಾರೀಖು ನೋಡಿದೆವು, ಗಂಟೆ ನೋಡಲಿಲ್ಲ. ರಾತ್ರಿ ಹನ್ನೆರಡರ ತನಕ ಟೈಮಿದೆ ಅಂತ ಊಟ ಮುಗಿಸಿ, ಪತ್ರದಲ್ಲಿ ಕಾಮಾ ಸರಿ ಮಾಡುತ್ತಾ ಕೂತೆವು. ಒಂಬತ್ತೂಕಾಲಿಗೆ ಬಟನ್ ಒತ್ತಿದರೆ ಕಿಟಕಿ ಮುಚ್ಚಿತ್ತು. ಅಲ್ಲಿ ಬೇಸಿಗೆ ಸಮಯ ನಡೆಯುವಾಗ ಅವರ ಸಂಜೆ ಐದು ಗಂಟೆ ಅಂದರೆ ನಮ್ಮ ರಾತ್ರಿ ಎಂಟೂವರೆ. ಅಕ್ಟೋಬರ್ ಕೊನೆಯ ಭಾನುವಾರ ಅವರು ಗಡಿಯಾರ ಹಿಂದೆ ತಿರುಗಿಸುತ್ತಾರೆ, ಆಗ ನಮ್ಮ ಒಂಬತ್ತೂವರೆ. ತಂಗಿ ಅವತ್ತು ರಾತ್ರಿ ಮಾತೇ ಆಡಲಿಲ್ಲ. ಅವ್ವ ಮಾತ್ರ, "ಮುಂಜಾನೇನ ಕಳಸಬೇಕಿತ್ತಿಲ್ಲೋ" ಅಂದಳು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಫೈಂಡ್‌ಎಪಿಎಚ್‌ಡಿ ಅನ್ನೋ ಪಿಎಚ್‌ಡಿ ಹುಡುಕುವ ಸೈಟು ಬ್ರಿಟನ್ ಕಡೆ ನೋಡುವವರಿಗೆ ಸರಿ, ಆದರೆ ಪ್ರತಿ ಪ್ರಾಜೆಕ್ಟ್ ಕೆಳಗೆ ದುಡ್ಡಿನ ವಿಷಯ ಓದಿ. 'ಸೆಲ್ಫ್ ಫಂಡೆಡ್' ಅಂತಿದ್ದರೆ ಹೊಲ ಮಾರಬೇಕು ಅಂತ ಅರ್ಥ. 'ಸ್ಟೂಡೆಂಟ್ಸ್ ವರ್ಲ್ಡ್‌ವೈಡ್' ಅಂತಿದ್ದರೆ ನಮ್ಮವರೂ ಅರ್ಜಿ ಹಾಕಬಹುದು. ಮಾಸ್ಟರ್ಸ್ ಬೇಕಾದವರು ಯುರೋಪಿಯನ್ ಯೂನಿಯನ್ನಿನ ಎರಾಸ್ಮಸ್ ಮುಂಡಸ್ ಕೋರ್ಸುಗಳ ಪಟ್ಟಿ ನೋಡಿ, ಕಡಿಮೆ ಅಂದರೂ ಎರಡು ದೇಶದಲ್ಲಿ ಓದು, ಸ್ಕಾಲರ್‌ಶಿಪ್ ಸಿಕ್ಕರೆ ತಿಂಗಳಿಗೆ 1,400 ಯೂರೊ. ಸ್ಕಾಲರ್‌ಶಿಪ್ ಇಲ್ಲದೆ ಜರ್ಮನಿಗೆ ಮಾಸ್ಟರ್ಸ್‌ಗೆ ಹೊರಟವರು ಮಾತ್ರ ಫೀ ಇಲ್ಲ ಅಂತ ಹಿಗ್ಗಬೇಡಿ. ಸಾಮಾನ್ಯವಾಗಿ ವೀಸಾಕ್ಕೆ ಒಂದು ವರ್ಷದ ಖರ್ಚು ಅಂತ 11,904 ಯೂರೊ ಬ್ಲಾಕ್ಡ್ ಅಕೌಂಟಿನಲ್ಲಿ, ಅಂದರೆ ತಿಂಗಳಿಗೆ ಇಷ್ಟೇ ಅಂತ ಬಿಡಿಸಿಕೊಳ್ಳುವ ಖಾತೆಯಲ್ಲಿ, ತೋರಿಸಬೇಕು, ಅಂದರೆ ಹನ್ನೊಂದು ಲಕ್ಷದ ಮೇಲೆ. ನಮ್ಮ ಡಿಗ್ರಿ ಅಸಲಿ ಅಂತ ಜರ್ಮನಿ ಕಡೆಯವರು ನೋಡಿ ಕೊಡುವ ಎಪಿಎಸ್ ಸರ್ಟಿಫಿಕೇಟಿನ 18 ಸಾವಿರ ಬೇರೆ.

ಹಳೇ ಸ್ಕಾಲರ್‌ಶಿಪ್ಪುಗಳನ್ನೇ ತಾರೀಖು ತಿದ್ದಿ ಹಾಕುವ ಸೈಟುಗಳೂ ರಾಶಿ ಇವೆ. ಅಂಥದ್ದೊಂದರಲ್ಲಿ ಫೋನ್ ನಂಬರ್ ಕೊಟ್ಟೆವು, ಇವತ್ತಿಗೂ ಕಾಲ್ ಬರುತ್ತಲೇ ಇವೆ. ನೀವು ಕೊಡಬೇಡಿ.

ಒಟ್ಟು ಹನ್ನೊಂದು ಅರ್ಜಿ ಹಾಕಿದ್ದಾಳೆ. ಆರು ಕಡೆ ಇಲ್ಲ ಅಂದರು, ನಾಲ್ಕು ಕಡೆ ಉತ್ತರವೇ ಇಲ್ಲ, ಒಂದು ಕಡೆ ಇಂಟರ್‌ವ್ಯೂ ಆಯಿತು. ಅವರು ಅರ್ಧ ಗಂಟೆ ಎರಿ ಮಣ್ಣು ಬೇಸಿಗೆಯಲ್ಲಿ ಹೇಗೆ ಬಿರಿಯುತ್ತದೆ ಅಂತ ಕೇಳಿದರಂತೆ, ಇವಳು ಲ್ಯಾಪ್‌ಟಾಪ್ ಮುಂದೆ ಕೈಯಗಲಿಸಿ ಬಿರುಕಿನ ಅಳತೆ ತೋರಿಸುತ್ತಿದ್ದದ್ದು ನನಗೆ ಬಾಗಿಲ ಸಂದಿಯಿಂದ ಕಾಣಿಸುತ್ತಿತ್ತು. ಅದರ ಫಲಿತಾಂಶ ಇನ್ನೂ ಬಂದಿಲ್ಲ. ಹನ್ನೆರಡನೆಯ ಅರ್ಜಿಯ ಗಡುವು ನವೆಂಬರ್ 15, ಬ್ರಸೆಲ್ಸ್ ಸಮಯ 17:00. ಅಡುಗೆಮನೆಯ ಕ್ಯಾಲೆಂಡರ್ ಮೇಲೆ ಅವ್ವ ಆ ತಾರೀಖಿಗೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಪಕ್ಕಕ್ಕೆ "ಮುಂಜಾನೆ" ಅಂತ ಬರೆದಿದ್ದಾಳೆ.